ನನಗೂ ಮೀಡಿಯಂ ಸಾಕು

ನಮ್ಮ ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂಕಾಲು

ನನ್ನ ಮುದ್ದು ಅಮ್ಮನಿಗೆ,

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ವಿಷಯ ಗಮನಿಸಿದೆ. ನಮ್ಮ ಬಚ್ಚಲುಮನೆಯ ಕನ್ನಡಿಯಲ್ಲಿ ನನಗೆ ಹಣೆಯೇ ಇಲ್ಲ. ಹುಬ್ಬಿನ ತನಕ ನಾನಿದ್ದೇನೆ, ಅಲ್ಲಿಂದ ಮೇಲೆ ಕನ್ನಡಿ ಮುಗಿದು ಗೋಡೆ. ಎರಡು ವರ್ಷದಿಂದ ಇದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೇನಲ್ಲ, ಹೇಗೆ ಎಂದು ನೋಡಿದರೆ, ಬಾಚಣಿಗೆ ಕೈಗೆ ಬಂದ ಕೂಡಲೇ ನನ್ನ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ! ಯಾರೂ ಹೇಳಬೇಕಾಗಿಲ್ಲ. ಇದನ್ನು ಯಾಕೆ ಬರೆದೆ ಎಂದು ಆಮೇಲೆ ಹೇಳುತ್ತೇನೆ, ಮೊದಲು ನಿನ್ನ ಆರೋಗ್ಯದ ವಿಷಯ.

ಮಂಡಿನೋವು ಹೇಗಿದೆ? ಅಣ್ಣನ ಅವಳಿಗಳು ನಿನ್ನನ್ನು ಮಲಗಲು ಬಿಡುತ್ತಿವೆಯೋ ಇಲ್ಲವೋ? ಒಂದನ್ನು ಎತ್ತಿಕೊಂಡರೆ ಇನ್ನೊಂದಕ್ಕೆ ಹೊಟ್ಟೆಕಿಚ್ಚು ಎಂದು ನೀನು ಬರೆದಿದ್ದೆ. ಹಾಗೆಂದು ಎರಡನ್ನೂ ಒಟ್ಟಿಗೆ ಎತ್ತುವ ಸಾಹಸಕ್ಕೆ ಹೋಗಬೇಡ, ಅತ್ತಿಗೆಯ ಕೈಗೆ ಒಂದನ್ನು ಕೊಡು. ಫೋನ್ ಮಾಡಿದರೆ ನಿನ್ನ ದನಿಗಿಂತ ಅವರಿಬ್ಬರ ದನಿಯೇ ಜೋರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಲ್ಲದೆ ನನಗೆ ಬಾಯಲ್ಲಿ ಬರದ್ದು ಪೆನ್ನಿನಲ್ಲಿ ಬರುತ್ತದೆ ಎಂಬುದು ನಿನಗೆ ಗೊತ್ತೇ ಇದೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಪ್ರೆಸ್ಸಿನಲ್ಲಿ ಈಗ ಪಠ್ಯಪುಸ್ತಕಗಳ ಕಾಲ, ಕೂತಲ್ಲಿಂದ ಏಳಲು ಪುರುಸೊತ್ತಿಲ್ಲ. ಮೂರನೇ ತರಗತಿಯ ಪುಸ್ತಕದಲ್ಲಿ ಆನೆಗೆ ಐದು ಕಾಲು ಅಚ್ಚಾಗುವುದರಲ್ಲಿತ್ತು. ಒಂದನ್ನು ತೆಗೆಸಿದೆ. ಎಂ.ಎ. ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಯಿತು. ಕೆಲಸ ಮನೆಗೂ ತರುತ್ತೇನೆ. ನನ್ನ ದೊಡ್ಡ ನಿಘಂಟು ಕಪಾಟಿನ ತುತ್ತತುದಿಯಲ್ಲಿದೆ. ಅದನ್ನು ತೆಗೆಯಲು ಇವರಿಗೆ ಸ್ಟೂಲು ಬೇಕು. ನನಗೆ ಬೇಡ, ಆದರೆ ಇವರು ಬೇರೆ ಕಡೆ ನೋಡುತ್ತಿರುವಾಗ ಮಾತ್ರ ನಾನು ಕೈ ಚಾಚುತ್ತೇನೆ.

ಈಗ ಸುದ್ದಿ. ನಾವು ಸೈಕಲ್ ಕೊಳ್ಳುತ್ತಿದ್ದೇವೆ! ಸುಮ್ಮನೆ ಸೈಕಲ್ ಅಲ್ಲ, ಗುಡ್ಡ ಹತ್ತುವ ಸೈಕಲ್, ಇಬ್ಬರಿಗೂ ಒಂದೊಂದು. ನಮ್ಮ ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದು ಕಚ್ಚಾ ದಾರಿ ಇದೆಯಲ್ಲ, ಅದು ಗುಡ್ಡದ ನೆತ್ತಿಯ ತನಕ ಹೋಗುತ್ತದಂತೆ. ತಿಂಗಳ ಹಿಂದೆ ಇವರು ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ "ನೀನು ಇಡೀ ದಿನ ಬಗ್ಗಿಕೊಂಡೇ ಇರ್ತೀಯ, ಭಾನುವಾರ ಸೈಕಲ್ ಹೊಡೆಯೋಣ್ವಾ?" ಎಂದರು. ಪ್ರೂಫ್ ನೋಡುವ ಕೆಲಸಕ್ಕೆ ಹೇಳಿದರೆಂದುಕೊಂಡೆ. ಅಂದಿನಿಂದ ಮನೆಯಲ್ಲಿ ಗೇರು, ಬ್ರೇಕು ಬಿಟ್ಟರೆ ಬೇರೆ ಮಾತಿಲ್ಲ. ನಿನ್ನ ಅಳಿಯ ಸರ್ವೇಯರ್ ಅಲ್ಲವೇ, ನಾಲ್ಕು ಗೆರೆ ಎಳೆದು ಪಟ್ಟಿ ಮಾಡದೆ ಅವರು ಟವೆಲ್ ಸಹ ಕೊಳ್ಳುವುದಿಲ್ಲ. ತೀರ ಅಗ್ಗದ್ದು ಗೇಟಿನಷ್ಟು ಭಾರ, ಒಳ್ಳೆಯದಕ್ಕೆ ಸ್ಕೂಟರಿನಷ್ಟು ಬೆಲೆ. ನಡುವಿನದೇ ನಮ್ಮ ಪಾಲಿನದು ಎಂದು ತೀರ್ಮಾನವಾಯಿತು.

ನಿನ್ನೆ ಸಂಜೆ ಅಂಗಡಿಗೆ ಹೋದೆವು. ಅದನ್ನು ನಡೆಸುವವರು ನಿನ್ನ ವಯಸ್ಸಿನ ಹೆಂಗಸು, ಬೀದಿಗೆಲ್ಲ ಪಂಕ್ಚರ್ ಅಕ್ಕ. ಉಗುರಿನ ಸಂದಿಯಲ್ಲಿ ಗ್ರೀಸು, ಕನ್ನಡಕ ಯಾವಾಗಲೂ ನೆತ್ತಿಯ ಮೇಲೆ. ಇವರು ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಒಂದು ಕೆಂಪು ಸೈಕಲ್ಲಿಗೆ ಮನಸೋತು ನಿಂತಿದ್ದರು. ಆಕೆ ಬಂದವರೇ, "ಸಾರ್, ಈ ಬೆಲೆಗೆ ಹಿಂದಿನ ಸ್ಪ್ರಿಂಗು ಬರೀ ಶೋಕಿ. ಏರಿನಲ್ಲಿ ತುಳಿದದ್ದೆಲ್ಲ ಅದೇ ನುಂಗುತ್ತೆ. ಮುಂದೆ ಒಂದು ಇದ್ರೆ ಸಾಕು, ಉಳಿದ ದುಡ್ಡು ಬ್ರೇಕಿಗೆ ಹಾಕಿ. ಹತ್ತೋದು ಹೆಂಗೋ ಹತ್ತುತೀರ, ಇಳೀವಾಗ ನನ್ನ ನೆನೆಸ್ಕೋತೀರ" ಎಂದರು. ಹೀಗೆ ಹತ್ತೇ ನಿಮಿಷದಲ್ಲಿ ಇಬ್ಬರಿಗೂ ಒಂದೇ ಮಾದರಿ ನಿಶ್ಚಯವಾಯಿತು: ಮುಂದೆ ಸ್ಪ್ರಿಂಗ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕಡು ಹಸಿರು ಬಣ್ಣ. ಅಲ್ಲಿಗೆ ಮುಗಿಯಿತೆಂದು ನಾನು ಬ್ಯಾಗು ಹೆಗಲಿಗೇರಿಸಿದೆ.

ಮುಗಿದಿರಲಿಲ್ಲ. ಸೈಕಲ್ಲಿಗೂ ಅಳತೆ ಇದೆಯಂತೆ ಅಮ್ಮ, ಚಪ್ಪಲಿಗೆ ಇದ್ದ ಹಾಗೆ. "ಬ್ಯಾಗಲ್ಲಿ ಪುಸ್ತಕ ಇದೆಯಾ? ಗಟ್ಟಿ ರಟ್ಟಿಂದು?" ಎಂದು ಆಕೆ ನನ್ನನ್ನು ಕೇಳಿದರು. ನನ್ನ ಬ್ಯಾಗಿನಲ್ಲಿ ಪುಸ್ತಕ ಇಲ್ಲದ ದಿನ ಯಾವುದು? ಕಾಲೇಜಿನಲ್ಲಿ ಬಹುಮಾನ ಬಂದ ವ್ಯಾಕರಣದ ಪುಸ್ತಕ ಕೊಟ್ಟೆ. ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಆ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು ನಿಲ್ಲಬೇಕು. ಪುಸ್ತಕದ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ, ಅದು ಕಾಲಿನ ಉದ್ದ. ವ್ಯಾಕರಣ ಬರೆದ ಪುಣ್ಯಾತ್ಮರು ಇದನ್ನು ಎಣಿಸಿರಲಾರರು. ನಾಚಿಕೆಯಿಂದ ನನ್ನ ಕಿವಿ ಕೆಂಪಾಗಿತ್ತು. ಆಕೆಗೆ ಅದೆಲ್ಲ ಎಲ್ಲಿ? "ಏನಮ್ಮ ಮುದುಡ್ಕೊಂಡು ನಿಂತಿದ್ದೀಯ? ನೆಟ್ಟಗೆ ನಿಲ್ಲು!" ಎಂದು ಗದರಿದರು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನಗೆ ನೆಟ್ಟಗೆ ನಿಲ್ಲು ಎಂದರು. ನಿಂತೆ. ತಲೆಯ ಮೇಲೂ ಒಂದು ಗೆರೆ ಬಿತ್ತು. ಆಮೇಲೆ ಇವರ ಸರದಿ. ಆಕೆ ಟೇಪು ಸುತ್ತುತ್ತಾ ಇಡೀ ಅಂಗಡಿಗೆ ಕೇಳುವಂತೆ ಸಾರಿದರು: "ಸಾರ್‌ಗೆ ಮೀಡಿಯಂ. ಮೇಡಂಗೆ ಲಾರ್ಜ್."

ಗೋಡೆಯ ಮೇಲೆ ಇಬ್ಬರ ತಲೆಯ ಗೆರೆ ಅಕ್ಕಪಕ್ಕ, ನನ್ನದು ಮೇಲೆ. ಅಮ್ಮ, ನಿನಗೆ ನೆನಪಿದೆಯಾ? ಮದುವೆಯ ದಿನ ಫೋಟೋದವನು ಕ್ಯಾಮೆರಾ ಎತ್ತಿದಾಗ ನೀನು ನನ್ನ ಕಿವಿಯಲ್ಲಿ "ಸ್ವಲ್ಪ ಬಗ್ಗೇ, ಪಾಪ ಅವರಿಗೆ ಒಂಥರಾ ಅನ್ಸತ್ತೆ" ಎಂದೆ. ನೀನು ಹೇಳಿದ್ದು ಆ ಒಂದು ಫೋಟೋಗೆ ಇರಬೇಕು. ಎಷ್ಟು ಹೊತ್ತು ಎಂದು ನಾನೂ ಕೇಳಲಿಲ್ಲ. ನಾನು ಮನೆಯ ಏಣಿ, ಅಟ್ಟದ ಡಬ್ಬಕ್ಕೆಲ್ಲ ನನ್ನನ್ನೇ ಕರೆಯುತ್ತಿದ್ದಿರಿ. ಆ ಏಣಿ ಇಲ್ಲಿಗೆ ಬಂದ ಮೇಲೆ ಮಡಚಿಟ್ಟುಕೊಂಡುಬಿಟ್ಟಿತು.

ಇವರು ಆ ಗೆರೆಗಳನ್ನೇ ನೋಡುತ್ತಾ ನಿಂತಿದ್ದರು. ಪಂಕ್ಚರ್ ಅಕ್ಕ ಒಂದು ಲಾರ್ಜ್ ಸೈಕಲ್ ಹೊರಗೆ ತಂದು "ಅಂಗಳದಲ್ಲಿ ಒಂದು ಸುತ್ತು ಹಾಕ್ಕೊಂಡು ಬಾ" ಎಂದರು. ಆ ಒಂದು ಸುತ್ತನ್ನು ಹೇಗೆ ಬರೆಯಲಿ? ತುಳಿದಾಗ ಕಾಲು ಪೂರ್ತಿ ಚಾಚಿತು. ಭುಜ ಅಗಲವಾಯಿತು. ಕಾಂಪೌಂಡಿನ ಆಚೆ ಏನಿದೆ ಎಂದು ಕಂಡಿತು: ಒಣಗಲು ಹಾಕಿದ ನೀಲಿ ಚಾದರ, ಮೋಟು ಬಾಲದ ಬೆಕ್ಕು. ಎರಡನೇ ಸುತ್ತನ್ನು ನಾನು ಕೇಳದೆಯೇ ಹಾಕಿದೆ. ಇಳಿದು ಬಂದು ಇವರ ಮುಖ ನೋಡಿದೆ. ಅವರ ಕಣ್ಣು ಇನ್ನೂ ಗೋಡೆಯ ಗೆರೆಗಳ ಮೇಲೇ ಇತ್ತು. ನನ್ನ ಬಾಯಿ ತಾನಾಗಿ "ನನಗೂ ಮೀಡಿಯಂ ಸಾಕು" ಎಂದಿತು. "ಮೊಣಕಾಲು ಹ್ಯಾಂಡಲ್‌ಗೆ ಹೊಡೆಯುತ್ತಮ್ಮ" ಎಂದರು ಆಕೆ. "ಪರವಾಗಿಲ್ಲ" ಎಂದೆ. ಆಕೆ ಕನ್ನಡಕವನ್ನು ನೆತ್ತಿಯಿಂದ ಮೂಗಿಗೆ ಇಳಿಸಿ ನನ್ನನ್ನೊಮ್ಮೆ ನೋಡಿ, ಎರಡು ಮೀಡಿಯಂ ಎಂದು ಬರೆದುಕೊಂಡರು.

ದಾರಿಯುದ್ದಕ್ಕೂ ಇವರು ಎರಡು ಹೆಜ್ಜೆ ಹಿಂದೆಯೇ ನಡೆದರು. ಬೇಸರವಾಗಿದೆ ಎಂದುಕೊಂಡು ನಾನು ಇನ್ನೊಂದು ಇಂಚು ಕುಗ್ಗಿದೆ. ಗೇಟಿನ ಹತ್ತಿರ ಬಂದಾಗ "ಬೆನ್ನು ಹೇಗಿದೆ?" ಎಂದು ಕೇಳಿದರು. ಇದೆಂಥ ಪ್ರಶ್ನೆ? "ಚೆನ್ನಾಗಿದೆ" ಎಂದೆ. ಇವತ್ತು ಭಾನುವಾರವಾದರೂ ಯಾರದೋ ಜಮೀನು ಅಳೆಯಲು ಬೇಗನೆ ಹೋಗಿದ್ದಾರೆ. ಬರುವುದು ಸಂಜೆ. ಅಂಗಡಿಯಲ್ಲಿ ನಮ್ಮ ಸೈಕಲ್ ಜೋಡಿಸಲು ನಾಳೆ ಶುರು ಮಾಡುತ್ತಾರಂತೆ.

ಈಗ ಕನ್ನಡಿಯ ವಿಷಯ. ಹಣೆ ಇಲ್ಲದ ನನ್ನ ಮುಖ ನೋಡುತ್ತಾ ನಿಂತಾಗ ಆ ಎರಡನೇ ಸುತ್ತು ನೆನಪಾಯಿತು. ಇವತ್ತು ಮಧ್ಯಾಹ್ನ ಒಂದರವರೆಗೆ ಅಂಗಡಿ ತೆರೆದಿರುತ್ತದೆ. ಫೋನ್ ಮಾಡಿ ನನ್ನದನ್ನು ಲಾರ್ಜ್ ಮಾಡಿಸುತ್ತೇನೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡೂ ಆಗಿದೆ, ಮೂರು ಸಲ ತಿದ್ದಿದ್ದೇನೆ. ಇವರಿಗೆ ಬೇಸರವಾದರೆ ಏನು ಮಾಡಲಿ ಎಂಬ ಅಳುಕು ಇದ್ದೇ ಇದೆ, ಸುಳ್ಳು ಹೇಳುವುದಿಲ್ಲ. ನಿನ್ನ ಮೇಲೆ ನನಗೆ ಕೋಪವಿಲ್ಲ ಅಮ್ಮ. ನೀನು ಹೇಳಿದ್ದು ಒಳ್ಳೆಯದಕ್ಕೇ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು, ಅವಳಿಗಳ ನಾಲ್ಕೂ ಕೆನ್ನೆಗೆ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಏಣಿ

ಇಷ್ಟು ಬರೆದ ಮೇಲೆ ಇನ್ನೊಂದು: ಲೆಟರ್ ಪ್ಯಾಡು ಮುಗಿದು ಅಂಚಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸಣ್ಣದು, ಕನ್ನಡಕ ಹಾಕಿಕೋ. ಇನ್ನೊಂದು ಹಾಳೆಗೆಂದು ಇವರ ಮೇಜಿನ ಮೇಲಿನ ರದ್ದಿ ಕಾಗದ ಎಳೆದೆ. ಹಿಂದೆ ತಿರುಗಿಸಿದರೆ ಇವರ ಸೈಕಲ್ ಪಟ್ಟಿ. ತಾರೀಖು ತಿಂಗಳ ಹಿಂದಿನದು. ಗೆರೆ ಎಳೆದು ನೀಟಾಗಿ ಬರೆದಿದ್ದಾರೆ: "ನಾನು: 170 ಸೆಂ.ಮೀ., ಮೀಡಿಯಂ. ಅವಳು: 176 (ನಿಘಂಟು ತೆಗೆಯುವಾಗ), ಲಾರ್ಜ್." ಅದರ ಕೆಳಗೆ ಪೆನ್ಸಿಲಿನಲ್ಲಿ, "ಯಾಕೆ ಬಗ್ಗುತ್ತಾಳೆ? ಬೆನ್ನುನೋವಾ? ಕೇಳಬೇಕು." ಎರಡು ವರ್ಷ ನಾನು ಬಚ್ಚಿಟ್ಟದ್ದನ್ನು ಈ ಮನುಷ್ಯ ಜಮೀನಿನ ಹಾಗೆ ಅಳೆದಿಟ್ಟಿದ್ದಾರೆ, ಕೇಳಲು ಮಾತ್ರ ನನ್ನಷ್ಟೇ ನಾಚಿಕೆ! ಆ ಹಾಳೆ ಇದ್ದಲ್ಲೇ ಇಟ್ಟೆ. ನೋಡಿದೆನೆಂದು ಹೇಳುವುದಿಲ್ಲ. ಫೋನ್ ಮಾಡಿ ಆಯಿತು, ಚೀಟಿ ನೋಡದೆಯೇ. ಕನ್ನಡಿಯ ಮೊಳೆಯನ್ನು ಒಂದು ಗೇಣು ಮೇಲಕ್ಕೆ ಹೊಡೆದೆ, ಇಬ್ಬರ ಮುಖವೂ ಹಿಡಿಯುವಷ್ಟು. ಸಂಜೆ ಬೆಲ್ ಆದಾಗ ಬಾಗಿಲು ತೆರೆಯುವವಳು ನೂರ ಎಪ್ಪತ್ತಾರು ಇರುತ್ತಾಳೆ.