ಹೊಲಿಗೆಯಷ್ಟು ಉದ್ದದ ಹಾಡು

ಫೆಬ್ರುವರಿ ೧೦, ಮಧ್ಯಾಹ್ನ

ಪ್ರೀತಿಯ ಅಮ್ಮ,

ಹೊಸ ಕನ್ನಡಕಕ್ಕೆ ಕಣ್ಣು ಹೊಂದಿಕೊಂಡಿತೇ? ಹೊಂದಿಕೊಂಡಿದ್ದರೆ ಈ ಪತ್ರವನ್ನು ನೀನೇ ಓದು. ಅಣ್ಣನ ಕೈಗೆ ಕೊಡಬೇಡ, ಅವನು ಓದಿದರೆ ಬೀದಿಗೆಲ್ಲ ಕೇಳಿಸುತ್ತದೆ.

ಕಲಾಕೇಂದ್ರದ ಕೆಲಸ ನನಗೆ ಹಿಡಿಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸಭಾಂಗಣದ ಬಾಗಿಲು ಸರಿಸಿ ಒಳಗೆ ಹೋಗಿ ಕೂರುತ್ತೇನೆ. ನೂರಿಪ್ಪತ್ತು ಖಾಲಿ ಕುರ್ಚಿಗಳು. ಎತ್ತರದ ಕಿಟಕಿಯಿಂದ ಒಂದು ಪಟ್ಟೆ ಬಿಸಿಲು ಬಿದ್ದು ವೇದಿಕೆಯ ಮೇಲೆ ನಿಧಾನವಾಗಿ ಸರಿಯುತ್ತದೆ, ತಾಲೀಮಿಗೆ ಬಂದವರ ಹಾಗೆ. ವರ್ಷದ ಕಾರ್ಯಕ್ರಮಗಳ ಪುಸ್ತಿಕೆಯನ್ನು ನಾನು ಬರೆದದ್ದು ಹೀಗೆ ಕೂತೇ. ತಿಂಗಳಿಗೊಂದು ಸಂಜೆ, ಒಟ್ಟು ಹನ್ನೆರಡು. ಆಗಿನ್ನೂ ಕೇಳಿರದ ಕೊಳಲಿಗೆ, ನೋಡಿರದ ಬೊಂಬೆಯಾಟಕ್ಕೆ, ಎಲ್ಲಕ್ಕೂ ನಾಲ್ಕು ನಾಲ್ಕು ಸಾಲು. ಕಣ್ಣು ಮುಚ್ಚಿದರೆ ಕೊಳಲು ಕೇಳಿಸುತ್ತಿತ್ತು, ತೆರೆದರೆ ಫ್ಯಾನಿನ ಸದ್ದು.

ಮಾರ್ಚ್ ತಿಂಗಳಿಗೆ ಮಾತ್ರ ಕಲಾವಿದರು ಗೊತ್ತಾಗಿರಲಿಲ್ಲ. ನಮ್ಮ ವ್ಯವಸ್ಥಾಪಕರು, "ಜಾಗ ಖಾಲಿ ಬಿಟ್ರೆ ಪ್ರೆಸ್ಸಿನವನು ಅಲ್ಲೊಂದು ಹೂಕುಂಡದ ಚಿತ್ರ ತಂದು ಕೂರಿಸ್ತಾನೆ. ಸದ್ಯಕ್ಕೆ ಏನಾದ್ರೂ ನಾಲ್ಕು ಸಾಲು ಗೀಚಮ್ಮ, ಆಮೇಲೆ ತೆಗೆದ್ರಾಯ್ತು," ಅಂದರು.

ನಾನು ಗೀಚಿದ್ದು ಇದು: "ಹೊಲಿಗೆ ಮಿಷನ್ನಿನ ಲಯಕ್ಕೆ ಹಾಡುಗಳು. ಹಾಡುವವರು ಒಬ್ಬ ಹೊಲಿಗೆಯಾಕೆ. ಬಟ್ಟೆ ಎಷ್ಟು ಉದ್ದವೋ ಹಾಡೂ ಅಷ್ಟೇ ಉದ್ದ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬಾರದು, ಅವರು ನಿಲ್ಲಿಸಿಬಿಡುತ್ತಾರೆ."

ಅಮ್ಮ, ನಿನಗೆ ಗೊತ್ತಾಗಿರಬೇಕು.

ನಾನು ಕೇಳಿಸಿಕೊಳ್ಳುತ್ತಿದ್ದೆ ಎಂದು ನಿನಗೆ ಯಾವತ್ತೂ ಹೇಳಲಿಲ್ಲ. ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿರುತ್ತಿದ್ದೆನಲ್ಲ, ಒಂದೇ ಪುಟದಲ್ಲಿ ಅರ್ಧ ಗಂಟೆ ಇರುತ್ತಿದ್ದೆ. ಶರ್ಟಿನ ಕಾಲರಿಗೆ ಎರಡು ಸಾಲು ಹಾಡುತ್ತಿದ್ದೆ ನೀನು. ದಿಂಬಿನ ಕವರಿಗೆ ಪಲ್ಲವಿ. ಕಿಟಕಿ ಪರದೆ ಬಂದ ದಿನ ನನಗೆ ಪೂರಾ ಒಂದು ಚರಣ ಸಿಗುತ್ತಿತ್ತು. ಪೆಡಲ್ ನಿಂತರೆ ಹಾಡೂ ನಿಲ್ಲುತ್ತಿತ್ತು, ಪದದ ನಡುವೆಯೇ. ಹಾಡಿದ್ದು ನೀನಾ ಎಂದು ಪಕ್ಕದ ಮನೆಯವರು ಕೇಳಿದರೆ, "ಹಾಡು ಗೀಡು ನಂಗೆಲ್ಲಿ ಬರತ್ತೆ, ಅದು ಮಿಷನ್ನಿಗೆ ಎಣ್ಣೆ ಕಮ್ಮಿಯಾಗಿದೆ," ಅಂತ ಜಾರಿಕೊಳ್ಳುತ್ತಿದ್ದೆ. ಐದು ವರ್ಷ ಸಾಹಿತ್ಯ ಓದಿದೆ. ಆದರೂ ಆ ಹಾಡುಗಳಲ್ಲಿ ಒಂದರ ಕೊನೆಯೂ ನನಗೆ ಗೊತ್ತಿಲ್ಲ.

ಕರಡು ತಿದ್ದಲು ಬಂತು. ಎರಡು ದಿನ ನನ್ನ ಮೇಜಿನ ಮೇಲಿತ್ತು. ಆ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ, ಆಮೇಲೆ ಗೆರೆಯನ್ನೇ ಅಳಿಸಿ ಕಳಿಸಿದೆ. ತೆಗೆಯಲು ಮರೆತೆ ಎಂದು ವ್ಯವಸ್ಥಾಪಕರಿಗೆ ಹೇಳಿದ್ದೇನೆ. ನಿನಗೆ ಸುಳ್ಳು ಹೇಳಲಾರೆ.

ಪುಸ್ತಿಕೆ ಹಂಚಿದ ವಾರವೇ ಎದುರಿನ ಕ್ಷೌರದಂಗಡಿಯವರು ಬಂದು, "ಆ ಮಿಷನ್ ಹಾಡಿಗೆ ನಂಗೂ ನಮ್ಮನೆಯವಳಿಗೂ ಎರಡು ಸೀಟು ಬರ್ಕೊಳ್ಳಿ. ಮಿಕ್ಕಿದ್ದೆಲ್ಲ ಎಲ್ಲಾ ಕಡೆ ಇರೋದೇ," ಅಂದರು. ನಿನ್ನೆಗೆ ಎಂಬತ್ತಮೂರು ಕುರ್ಚಿ ಭರ್ತಿಯಾಗಿವೆ. ವ್ಯವಸ್ಥಾಪಕರು ಕನ್ನಡಕ ಹಣೆಗೇರಿಸಿ, ಈ ಕಲಾವಿದೆ ಎಲ್ಲಿಯವರು ಎಂದು ಕೇಳಿದರು. ನಮ್ಮ ಮನೆಯವರೇ, ನಮ್ಮಮ್ಮ, ಅವಳಿಗಿನ್ನೂ ಗೊತ್ತಿಲ್ಲ ಅಂದೆ. ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು.

"ಒಪ್ಪಿಸು ಮಗಳೇ," ಅಂದರು. "ಒಪ್ಪಲಿಲ್ಲ ಅಂದ್ರೆ ಆ ಸಂಜೆ ನೀನೇ ವೇದಿಕೆ ಹತ್ತಿ, ಕಾರ್ಯಕ್ರಮ ಇಲ್ಲ ಅಂತ ಜನಕ್ಕೆ ಹೇಳ್ಬೇಕಾಗತ್ತೆ."

ನನ್ನನ್ನು ನೀನು ಬಲ್ಲೆ. ಹಾಜರಿ ಕೂಗಿದಾಗ ದನಿ ಏಳದೆ ವರ್ಷದ ಅರ್ಧ ದಿನಗಳಲ್ಲಿ ಗೈರಾದವಳು ನಾನು. ಆದರೂ ನೀನು ಬೇಡವೆಂದರೆ ವೇದಿಕೆ ಹತ್ತುತ್ತೇನೆ, ಅದು ನಾನು ತಂದುಕೊಂಡದ್ದು. ಕೇಳದೆ ನಿನ್ನನ್ನು ಊರಿನ ಮುಂದೆ ಇಟ್ಟೆನಲ್ಲ ಎಂದು ಎರಡು ವಾರದಿಂದ ಅನ್ನ ಸೇರುತ್ತಿಲ್ಲ. ಕೋಪ ಬಂದರೆ ಬಯ್ದು ಬರೆ.

ಆದರೆ ಒಂದು ವಿಷಯ ಕೇಳು. ವೇದಿಕೆಯ ದೊಡ್ಡ ಪರದೆಯ ಕೆಳಗಿನ ಅಂಚು ಬಿಚ್ಚಿಹೋಗಿದೆ. ಈ ತುದಿಯಿಂದ ಆ ತುದಿಗೆ ನಲವತ್ತು ಅಡಿ. ಅದನ್ನು ಹೊಲಿಯಲು ಯಾರಾದರೂ ಬೇಕೇ ಬೇಕು. ನೀನು ಹಾಡಲು ಬರಬೇಡ, ಹೊಲಿಯಲು ಬಾ. ಜನರಿಗೆ ಬೆನ್ನು ಹಾಕಿ ಕೂತರೂ ಆದೀತು. ಬಟ್ಟೆ ಹಿಡಿದು ಸರಿಸಲು ನಾನು ಪಕ್ಕದಲ್ಲೇ ಇರುತ್ತೇನೆ. ನಿನ್ನ ಕಾಲು ಪೆಡಲಿನ ಮೇಲಿರಲಿ, ಮಿಕ್ಕಿದ್ದು ನಿನ್ನಿಷ್ಟ. ಈ ಖಾಲಿ ಕುರ್ಚಿಗಳ ನಡುವೆ ಕೂತು ನಾನದನ್ನು ಆಗಲೇ ಎಷ್ಟೋ ಸಲ ನೋಡಿದ್ದೇನೆ: ಪರದೆ ನಿನ್ನ ಮಡಿಲಿನಿಂದ ಹೊಳೆಯ ಹಾಗೆ ಇಳಿಯುತ್ತಿರುತ್ತದೆ, ಹಾಡು ಚರಣ ದಾಟಿ ಮುಂದೆ ಹೋಗುತ್ತದೆ. ಅಲ್ಲಿಂದಾಚೆಗಿನ ಪದಗಳು ಮಾತ್ರ ನನಗೆ ಕೇಳಿಸುವುದಿಲ್ಲ.

ಮಾರ್ಚ್ ಎರಡನೇ ಶನಿವಾರ, ಸಂಜೆ ಆರಕ್ಕೆ.

ಹೊಸ್ತಿಲ ಮೇಲೆ ಕೂತಿದ್ದ,
ನಿನ್ನ ಮಗಳು

ತಾ.ಕ.: ನಿನಗೆ ಸುಳ್ಳು ಹೇಳಲಾರೆ ಎಂದು ಬರೆದ ಮೇಲೆ ಇದನ್ನೂ ಹೇಳಿಬಿಡಬೇಕು. ಪರದೆಯ ಅಂಚು ತಾನಾಗಿ ಬಿಚ್ಚಿದ್ದು ಎರಡು ಗೇಣು ಅಷ್ಟೇ. ಮಿಕ್ಕದ್ದನ್ನು ನಾನೇ ಬಿಚ್ಚಿದೆ. ನಾಲ್ಕು ಮಧ್ಯಾಹ್ನ ಹಿಡಿಯಿತು.