ಬಾವಿಯ ಉಸಿರು

೨-೫-೧೯೮೫, ಗುರುವಾರ. ಸಾರಕ್ಕಿ.

ಇವತ್ತೂ ನಲ್ಲಿಯಲ್ಲಿ ನೀರಿಲ್ಲ. ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತದೆ, ಅಷ್ಟೆ.

ಗೆದ್ದ ವಾರದಲ್ಲೇ ಹೊಸ ಎಮ್ಮೆಲ್ಲೆ ನಮ್ಮ ಬೀದಿಯಲ್ಲಿ ಹಾರ ಹಾಕಿಸಿಕೊಂಡು, "ತಿಂಗಳೊಳಗೆ ಮನೆಮನೆಗೂ ಕಾವೇರಿ ನೀರು. ಬಾವಿ ಸೇದೋ ಕಾಲ ಮುಗೀತು" ಎಂದಾಗ ಎಷ್ಟು ಚಪ್ಪಾಳೆ! ನಲ್ಲಿ ನೆಟ್ಟದ್ದೇ ತಡ, ಮಕ್ಕಳು ಬಿದ್ದಾರು ಎಂದು ಎಲ್ಲರೂ ಸೇರಿ ನಮ್ಮ ಬಾವಿಯನ್ನು ಮುಚ್ಚಿಸಿದರು. ಹೊಲವೆಲ್ಲ ಲೇಔಟಿಗೆ ಹೋದಮೇಲೆ ಮಾವನಿಗೆ ಉಳಿದಿದ್ದು ಅದೊಂದೇ. ಆದರೂ ಒಪ್ಪಿದರು. ಪೂಜೆ ಮಾಡಿ, ಗಂಗಮ್ಮ ಉಸಿರಾಡಲಿ ಎಂದು ಪದ್ಧತಿಯಂತೆ ತಳದಿಂದ ನೆಲದ ಮೇಲಿನವರೆಗೆ ಒಂದು ಕೊಳವೆ ನಿಲ್ಲಿಸಿ ಮಣ್ಣು ತುಂಬಿಸಿದರು.

ಬೆಳಿಗ್ಗೆ ಎದುರುಮನೆ ಮುನಿಯಕ್ಕ ಎಮ್ಮೆಲ್ಲೆಗೆ ಶಾಪ ಹಾಕುತ್ತಿದ್ದಳು. ಟೀ ಅಂಗಡಿ ದೇವದಾಸ್, "ಈಗ್ಲೇ ಬೈದ್ರೆ ಹೆಂಗಕ್ಕ? ಆರು ತಿಂಗ್ಳು ಟೈಮ್ ಕೊಡಿ" ಎಂದ. ಅವಳು ಖಾಲಿ ಬಿಂದಿಗೆ ಕುಕ್ಕಿ, "ನೀರು ಕುಡೀದೆ ಆರು ತಿಂಗ್ಳು ಇರ್ತೀಯೇನೋ ನೀನು?" ಎಂದಳು. ನನಗೆ ಇಬ್ಬರ ಮೇಲೂ ಸಿಟ್ಟು. ಅವತ್ತು ಮೊದಲು ಮಣ್ಣು ಸುರಿದವರು ಇವರೇ.

ಮಾವ ಎಂದಿನಂತೆ ಕೊಳವೆಯ ಬಾಯಿಗೆ ಹೂವಿಡಲು ಹೋದವರು ಹಾಗೇ ಬಗ್ಗಿ ನಿಂತುಬಿಟ್ಟರು. "ಗೌರಮ್ಮ, ಬಾ ಇಲ್ಲಿ. ಮೂಸಿ ನೋಡು. ನೀರು ಇನ್ನೂ ಐತೆ."

ಬಗ್ಗಿದೆ. ತಣ್ಣನೆಯ ನೀರಿನ ವಾಸನೆ ಮುಖಕ್ಕೆ ಬಡಿಯಿತು. ಮದುವೆಯಾಗಿ ಬಂದಾಗಿನಿಂದ ಸೇದಿದ ನೀರು, ನನಗೆ ಗೊತ್ತಾಗದೆ ಇರುತ್ತದೆಯೇ? ಇಷ್ಟು ಹೊತ್ತಾದರೂ ಮೂಗಿನಿಂದ ಹೋಗುತ್ತಿಲ್ಲ. ಆ ಕೊಳವೆಗೆ ಬಟ್ಟೆ ತುರುಕಿಬಿಡೋಣ ಎನ್ನಿಸುತ್ತಿದೆ. ಆದರೆ ಉಸಿರು ಕಟ್ಟುವುದು ಗಂಗಮ್ಮನಿಗಲ್ಲ, ಮಾವನಿಗೆ.