ಜವಳಗೇರಾ ಮೇಲಿಂದ ಬಂದದ್ದು

ಪಂಪಾಪತಿ ಅಣ್ಣನಿಗೆ ನಮಸ್ಕಾರ.

ಅವ್ವನನ್ನು ರಾತ್ರಿಯಿಡೀ ಬೈಕಿನಲ್ಲಿ ಕರೆತಂದೆನೆಂದು ನಿನಗೆ ಸಿಟ್ಟಿದೆ. ಸುಗ್ಗಿಯೊಳಗೆ ಅವಳ ದೃಷ್ಟಿ ಪೂರ್ತಿ ಹೋಗುತ್ತದೆಂದು ಕಲಬುರಗಿಯ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದರು. ಆಮೇಲೆ ಬಸ್ಸಿಗೆ ಕಾಯುವಷ್ಟು ತಾಳ್ಮೆ ಉಳಿಯಲಿಲ್ಲ. ಬೆಳಕಾಗುವುದು ಇನ್ನೂ ದೂರವೆಂದು ಲಿಂಗಸುಗೂರಿನಲ್ಲಿ ಎರಡು ಸಲ ಚಹಾ ಕುಡಿದೆ. ಮಸ್ಕಿಯಿಂದ ನೇರ ಸಿಂಧನೂರಿಗೆ ಬರದೆ, ಸುತ್ತಾದರೂ ಜವಳಗೇರಾದ ಕಾಲುವೆ ದಾರಿ ಹಿಡಿದೆ. ಅವಳು ಕೂಲಿಗೆ ಹೋಗಿ ಸಸಿ ಹಚ್ಚಿದ ಗದ್ದೆಗಳು ಅಲ್ಲಿವೆ.

ಬೆಳಕು ಹರಿದಾಗ ಬೈಕು ನಿಲ್ಲಿಸಿದೆ. ಅವ್ವ ಹಸಿರನ್ನೇ ನೋಡುತ್ತ, “ಡಾಕ್ಟರು ಹೇಳಿದ್ದು ನಾನೂ ಕೇಳೀನಿ ಬೇ. ಮನೀಗೆ ಅವಸರ ಮಾಡಬ್ಯಾಡ, ಇಲ್ಲೇ ಸ್ವಲ್ಪ ಕುಂದ್ರೂಣು,” ಎಂದಳು. ಒಂಬತ್ತರವರೆಗೆ ಕುಳಿತೆವು. ಅದಕ್ಕೇ ನಿನ್ನ ಫೋನ್ ಎತ್ತಲಿಲ್ಲ.

ಬಚ್ಚಲಿನ ಮೆಟ್ಟಿಲುಗಳ ಅಂಚಿಗೆ ಈ ವಾರವೇ ಬಿಳಿ ಬಣ್ಣ ಹಚ್ಚಿಸು.

ನಿನ್ನ ತಂಗಿ,
ಮೌನೇಶ್ವರಿ